ಗಂಜಿ ಬಟ್ಟಲಿನ ಸುತ್ತ

ಪರ್ಕಳ ಪೇಟೆಯ ಜಿನಸಿನ ಅಂಗಡಿಯಲ್ಲಿ ಅಕ್ಕಿ ಕೇಳಿದರೆ ಅಂಗಡಿಯವರು ತಿರುಗಿ ಕೇಳುವ ಪ್ರಶ್ನೆ ಒಂದೇ: "ಬೆಳ್ತಿಗೆಯಾ, ಕುಚ್ಚಲಾ?" ಮಕ್ಕಳೇ, ಮನೆಯಲ್ಲಿ ಎರಡೂ ಇದ್ದರೆ ಒಂದೊಂದು ಚಿಟಿಕೆ ತೆಗೆದು ಅಂಗೈ ಮೇಲೆ ಹಾಕಿಕೊಳ್ಳಿ. ಬೆಳ್ತಿಗೆ ಬೆಳ್ಳಗಿದೆ, ಹಲ್ಲಿಗೆ ಸಿಕ್ಕರೆ ಪುಡಿಯಾಗುತ್ತದೆ. ಕುಚ್ಚಲಕ್ಕಿ ದಪ್ಪ, ಗಟ್ಟಿ. ಅದರ ಮೈಮೇಲೆ ಅಲ್ಲಲ್ಲಿ ಕೆಂಪು ಗೆರೆ ಉಳಿದಿರಲೂಬಹುದು. ಬೆಳಕಿಗೆ ಹಿಡಿದು ನೋಡಿದರೆ ಬೆಳ್ತಿಗೆಗಿಂತ ಕುಚ್ಚಲಕ್ಕಿಯೊಳಗೆ ಬೆಳಕು ಹೆಚ್ಚು ತೂರುತ್ತದೆ. ಎರಡೂ ಒಂದೇ ಗದ್ದೆಯ ಒಂದೇ ಭತ್ತದಿಂದ ಬಂದಿರಲು ಸಾಧ್ಯ. ಹಾಗಾದರೆ ಈ ವ್ಯತ್ಯಾಸ ಎಲ್ಲಿ ಹುಟ್ಟಿತು?

ಹಂಡೆಯಲ್ಲಿ. ಬೆಳ್ತಿಗೆಗೆ ಒಣಗಿದ ಭತ್ತವನ್ನು ನೇರವಾಗಿ ಮಿಲ್ಲಿಗೆ ಹಾಕುತ್ತಾರೆ. ಕುಚ್ಚಲಿಗೆ ಭತ್ತವನ್ನು ಉಮಿಯ ಸಮೇತ ನೀರಿನಲ್ಲಿ ನೆನೆಸಿ, ಬೇಯಿಸಿ, ಅಂಗಳದಲ್ಲಿ ಹರವಿ ಒಣಗಿಸಿ ಆಮೇಲೆ ಮಿಲ್ಲು ಮಾಡಿಸುತ್ತಾರೆ. ಈಗ ಹೆಚ್ಚಿನ ಕೆಲಸ ಮಿಲ್ಲಿನಲ್ಲೇ ಆಗುತ್ತದೆ. ನಿಮ್ಮ ಅಜ್ಜಿಯನ್ನು ಕೇಳಿದರೆ ಹಿತ್ತಲಿನ ಒಲೆ, ದೊಡ್ಡ ಹಂಡೆ, ಭತ್ತ ಬೇಯುವಾಗಿನ ವಾಸನೆ ಎಲ್ಲವನ್ನೂ ಹೇಳಿಯಾರು. ಹೀಗೆ ಬೇಯಿಸಿದ ಅಕ್ಕಿ ಮಿಲ್ಲಿನಲ್ಲಿ ಕಡಿಮೆ ನುಚ್ಚಾಗುತ್ತದೆ, ಬೇಗ ಹುಳ ಹಿಡಿಯುವುದಿಲ್ಲ. ನಮ್ಮ ಹಿರಿಯರಿಗೆ ಅಷ್ಟು ಲಾಭ ಕಣ್ಣಿಗೆ ಕಾಣುತ್ತಿತ್ತು. ಕಣ್ಣಿಗೆ ಕಾಣದ ಇನ್ನೊಂದು ಲಾಭವಿತ್ತು. ಅದನ್ನು ಪತ್ತೆ ಮಾಡಲು ಜಗತ್ತಿನ ವೈದ್ಯರಿಗೆ ಹಲವು ದಶಕಗಳೇ ಹಿಡಿದವು. ಆ ಕತೆ ಶುರುವಾಗುವುದು ಜಾವಾ ದ್ವೀಪದ ಕೋಳಿಗಳಿಂದ.

ಜಾವಾ ಆಗ ಡಚ್ಚರ ಆಳ್ವಿಕೆಯಲ್ಲಿತ್ತು. ಅಲ್ಲಿ ಬೆರಿಬೆರಿ ಎಂಬ ಕಾಯಿಲೆ ಸೈನಿಕರನ್ನೂ ಕೈದಿಗಳನ್ನೂ ಕಾಡುತ್ತಿತ್ತು. ಕಾಲು ಜೋಮು ಹಿಡಿಯುವುದು, ನಡೆಯಲಾಗದಿರುವುದು, ಮೈ ಊದಿಕೊಳ್ಳುವುದು, ಕೊನೆಗೆ ಹೃದಯವೇ ಸೋಲುವುದು. ಆ ಕಾಲದಲ್ಲಿ ರೋಗಾಣುಗಳು ಒಂದರ ಹಿಂದೆ ಒಂದು ಪತ್ತೆಯಾಗುತ್ತಿದ್ದುದರಿಂದ ಇದಕ್ಕೂ ಒಂದು ರೋಗಾಣು ಇರಬೇಕೆಂದು ಎಲ್ಲರೂ ನಂಬಿದ್ದರು. ಅದನ್ನು ಹುಡುಕಲು 1886ರಲ್ಲಿ ಬಂದವರಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಯುವ ವೈದ್ಯರಿದ್ದರು. ಅವರ ಪ್ರಯೋಗಾಲಯದ ಕೋಳಿಗಳು ಒಮ್ಮೆ ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು. ನೋಡಿದರೆ ಬೆರಿಬೆರಿಯ ಹಾಗೆಯೇ ಇತ್ತು. ಸ್ವಲ್ಪ ಸಮಯ ಕಳೆದ ಮೇಲೆ ಔಷಧವಿಲ್ಲದೆ ತಾವಾಗಿಯೇ ಎದ್ದು ಓಡಾಡಿದವು. ಏನು ಬದಲಾಯಿತು ಎಂದು ವಿಚಾರಿಸಿದಾಗ ಉತ್ತರ ಅಡುಗೆಮನೆಯಲ್ಲಿ ಸಿಕ್ಕಿತು. ಕಾಯಿಲೆ ಬಿದ್ದ ದಿನಗಳಲ್ಲಿ ಕೋಳಿಗಳಿಗೆ ಸೇನಾ ಆಸ್ಪತ್ರೆಯಲ್ಲಿ ಮಿಕ್ಕಿದ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವರು ಸೈನಿಕರ ಅನ್ನವನ್ನು ಕೋಳಿಗೆ ಕೊಡಲು ಒಪ್ಪದಿದ್ದುದರಿಂದ ಕೋಳಿಗಳಿಗೆ ತೌಡು ಹೋಗದ ಅಗ್ಗದ ಅಕ್ಕಿ ಸಿಕ್ಕಿತ್ತು. ತೌಡು ತಿಂದ ಕೋಳಿಗಳು ಬದುಕಿಕೊಂಡವು.

ಬಿಳಿ ಅಕ್ಕಿಯಲ್ಲಿ ಏನೋ ವಿಷವಿದೆ, ತೌಡಿನಲ್ಲಿ ಅದಕ್ಕೆ ಮದ್ದಿದೆ ಎಂದು ಐಕ್‌ಮನ್ ಮೊದಲು ಭಾವಿಸಿದರು. ಅವರ ಕೆಲಸವನ್ನು ಮುಂದುವರಿಸಿದ ಗೆರಿಟ್ ಗ್ರೈನ್ಸ್ 1901ರಲ್ಲಿ ಬೇರೆ ರೀತಿ ಯೋಚಿಸಿದರು: ಬಿಳಿ ಅಕ್ಕಿಯಲ್ಲಿ ಕೆಟ್ಟದ್ದು ಏನೂ ಇಲ್ಲ, ಇರಬೇಕಾದದ್ದು ಒಂದು ಇಲ್ಲ! ನನಗೆ ಈ ಯೋಚನೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಾಯಿಲೆ ಎಂದರೆ ಹೊರಗಿನಿಂದ ಏನೋ ಒಳಗೆ ಬರುವುದು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ, ಒಳಗೆ ಬರಬೇಕಾದದ್ದು ಬಾರದಿದ್ದರೂ ಕಾಯಿಲೆಯಾಗುತ್ತದೆ ಎಂದು ಊಹಿಸುವುದು ಸುಲಭವಾಗಿರಲಿಲ್ಲ.

ಇನ್ನು ನಮ್ಮ ಕುಚ್ಚಲಕ್ಕಿಯ ಸರದಿ. 1905ರಲ್ಲಿ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಯಾಮಿನ ಬಿಳಿ ಅಕ್ಕಿ, ಇನ್ನೊಂದಕ್ಕೆ ಭಾರತದ ಕುಚ್ಚಲಕ್ಕಿ. ಉಳಿದ ಊಟ ಒಂದೇ. ಬಿಳಿ ಅಕ್ಕಿ ಉಂಡವರಲ್ಲಿ ಹಲವರಿಗೆ ಬೆರಿಬೆರಿ ಬಂತು, ಕೆಲವರು ತೀರಿಕೊಂಡರು. ಕುಚ್ಚಲಕ್ಕಿಯವರಲ್ಲಿ ಕಾಯಿಲೆ ಕಂಡದ್ದು ಇಬ್ಬರಲ್ಲಿ ಮಾತ್ರ, ಅವರು ಆಸ್ಪತ್ರೆಗೆ ಸೇರುವಾಗಲೇ ಕಾಯಿಲೆಯವರಾಗಿದ್ದರು. ಕಟ್ಟಡದ ದೋಷವಿರಬಹುದೇ ಎಂದು ನಡುವೆ ಗುಂಪುಗಳ ಜಾಗವನ್ನೂ ಅದಲುಬದಲು ಮಾಡಿ ನೋಡಿದರು. ಕಾಯಿಲೆ ಕಟ್ಟಡದ ಜೊತೆ ಹೋಗಲಿಲ್ಲ, ಅಕ್ಕಿಯ ಜೊತೆಯೇ ಹೋಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಆ ರೋಗಿಗಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಇಂದು ಹಾಗೆ ಪ್ರಯೋಗ ಮಾಡುವಂತಿಲ್ಲ, ಮಾಡಲೂಬಾರದು. ನಮಗೆ ಇವತ್ತು ಗೊತ್ತಿರುವ ಈ ವಿಷಯಕ್ಕೆ ಅವರು ತೆತ್ತ ಬೆಲೆ ದೊಡ್ಡದು.

1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ಪದಾರ್ಥಗಳಿಗೆ ವಿಟಮಿನ್ ಎಂಬ ಹೆಸರು ಕೊಟ್ಟರು. ತೌಡಿನಿಂದ ಆ ಪದಾರ್ಥದ ಹರಳುಗಳನ್ನು ಬೇರ್ಪಡಿಸಲು ಸಾಧ್ಯವಾದದ್ದು 1926ರಲ್ಲಿ, ಅದೇ ಜಾವಾದಲ್ಲಿ. ಈಗ ಅದಕ್ಕೆ ಥಯಾಮಿನ್ ಅಥವಾ ವಿಟಮಿನ್ ಬಿ1 ಎನ್ನುತ್ತೇವೆ. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿಯೂ ಈ ಹುಡುಕಾಟ ನಡೆದಿತ್ತು. ಆಗ ಉಡುಪಿ, ಕಾರ್ಕಳ ಎಲ್ಲ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಅದೇ ಪ್ರಾಂತದ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿಯ ಅಧ್ಯಯನ ಆರಂಭಿಸಿದರು. ಪ್ರಾಂತದಲ್ಲಿ ಈ ಕಾಯಿಲೆ ಹೆಚ್ಚಾಗಿ ಕಂಡದ್ದು ಬೆಳ್ತಿಗೆ ಉಣ್ಣುತ್ತಿದ್ದ ಉತ್ತರದ ಆಂಧ್ರ ಕರಾವಳಿಯಲ್ಲಿ. ಆ ಒಂದು ಕೋಣೆಯೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ನಾವು ಎಷ್ಟು, ಏನು ತಿನ್ನಬೇಕೆಂದು ದೇಶಕ್ಕೆಲ್ಲ ಹೇಳುವವರು ಈಗ ಅವರೇ.

ಹಂಡೆಯೊಳಗೆ ನಡೆದದ್ದೇನು ಎಂಬುದನ್ನು ಈಗ ನೋಡೋಣ. ಥಯಾಮಿನ್ ಅಕ್ಕಿಕಾಳಿನ ಹೊರಗಿನ ತೌಡಿನ ಪದರದಲ್ಲೂ ಮೊಳಕೆಯ ಭಾಗದಲ್ಲೂ ಇರುತ್ತದೆ. ಅದು ನೀರಿನಲ್ಲಿ ಕರಗುತ್ತದೆ. ಭತ್ತ ನೆನೆದು ಬೇಯುವಾಗ ಕರಗಿದ ಥಯಾಮಿನ್‌ನ ಒಂದು ಪಾಲು ನೀರಿನೊಂದಿಗೆ ಕಾಳಿನ ಒಳಭಾಗಕ್ಕೆ ಇಳಿಯುತ್ತದೆ. ಬಿಸಿಗೆ ಕಾಳಿನ ಪಿಷ್ಟ ಅಂಟಾಗಿ, ಒಣಗುವಾಗ ಗಟ್ಟಿಯಾಗುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ಹೋದರೂ ಒಳಗೆ ಸೇರಿದ ಪಾಲು ಉಳಿಯುತ್ತದೆ. ಕುಚ್ಚಲಕ್ಕಿ ಗಟ್ಟಿಯಾಗಿರುವುದಕ್ಕೂ ಬೆಳಕಿಗೆ ಹೊಳೆಯುವುದಕ್ಕೂ ಇದೇ ಕಾರಣ. ನಾವು ಉಂಡ ಪಿಷ್ಟದಿಂದ ನರಗಳೂ ಹೃದಯವೂ ಶಕ್ತಿ ಪಡೆಯಬೇಕಾದರೆ ಥಯಾಮಿನ್ ಬೇಕೇ ಬೇಕು. ದೇಹ ಅದನ್ನು ಕೆಲವೇ ವಾರಗಳಿಗಾಗುವಷ್ಟು ಮಾತ್ರ ಕೂಡಿಟ್ಟುಕೊಳ್ಳುತ್ತದೆ.

ಗಂಜಿಯ ತೆಳಿಯನ್ನು ಯಾಕೆ ಚೆಲ್ಲಬಾರದು ಎಂದು ಈಗ ನೀವೇ ಹೇಳಬಲ್ಲಿರಿ. ನೀರಿನಲ್ಲಿ ಕರಗುವ ವಿಟಮಿನ್ ಅನ್ನ ಬಸಿಯುವಾಗಲೂ ನೀರಿಗೆ ಇಳಿಯುತ್ತದೆ. ಅನ್ನವನ್ನೂ ತೆಳಿಯನ್ನೂ ಒಟ್ಟಿಗೆ ಉಣ್ಣುವ ಗಂಜಿಯಲ್ಲಿ ಅದು ಬಟ್ಟಲಿನಲ್ಲೇ ಉಳಿಯುತ್ತದೆ. ಅಕ್ಕಿಯನ್ನು ಐದಾರು ಸಲ ಉಜ್ಜಿ ಉಜ್ಜಿ ತೊಳೆಯುವುದೂ ಒಳ್ಳೆಯದಲ್ಲ. ಆದರೆ ಎಲ್ಲ ನೀರನ್ನೂ ಉಳಿಸಿಕೊಳ್ಳಬೇಕೆಂದಿಲ್ಲ. ಮಳೆಗಾಲದ ಕಣಿಲೆಯನ್ನೇ ನೋಡಿ. ಎಳೆ ಬಿದಿರಿನಲ್ಲಿ ಸಯನೈಡ್ ಎಂಬ ವಿಷವನ್ನು ಬಿಡುವ ವಸ್ತು ಇರುತ್ತದೆ. ಅದಕ್ಕೇ ಹೆಚ್ಚಿದ ಕಣಿಲೆಯನ್ನು ದಿನಾ ನೀರು ಬದಲಿಸುತ್ತ ನೆನೆಸಿಡುತ್ತಾರೆ, ಆಮೇಲೆ ಚೆನ್ನಾಗಿ ಬೇಯಿಸುತ್ತಾರೆ. ಆ ನೀರನ್ನು ಚೆಲ್ಲಲೇಬೇಕು.

ಸರಿ, ಕುಚ್ಚಲಕ್ಕಿ ಇಷ್ಟು ಒಳ್ಳೆಯದಾದರೆ ಮೂರು ಹೊತ್ತು ಗಂಜಿ, ಮಿಡಿ ಉಪ್ಪಿನಕಾಯಿ ಸಾಕಲ್ಲವೇ? ಸಾಲದು. ಯಾವ ಅಕ್ಕಿಯಾದರೂ ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಪಿಷ್ಟವೇ. ಪಿಷ್ಟ ಓಡಲು, ಆಡಲು, ಓದಲು ಶಕ್ತಿ ಕೊಡುತ್ತದೆ. ಒಂದು ಗ್ರಾಂ ಪಿಷ್ಟದಿಂದ 4 ಕಿಲೋಕ್ಯಾಲೊರಿ, ಒಂದು ಗ್ರಾಂ ಪ್ರೋಟೀನಿನಿಂದಲೂ 4, ಒಂದು ಗ್ರಾಂ ಕೊಬ್ಬಿನಿಂದ 9. ಆದರೆ ನೀವು ಬೆಳೆಯುತ್ತಿದ್ದೀರಿ. ಕಳೆದ ವರ್ಷದ ಯೂನಿಫಾರ್ಮ್ ಈ ವರ್ಷ ಗಿಡ್ಡವಾಗುತ್ತದೆ. ಆ ಹೊಸ ಮೈ ಕಟ್ಟಲು ಪ್ರೋಟೀನ್ ಬೇಕು. ಹತ್ತರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ ಸುಮಾರು 32 ಗ್ರಾಂ. 200 ಗ್ರಾಂ ಅಕ್ಕಿಯ ಗಂಜಿ ಉಂಡರೆ ಅದರಿಂದ ಸುಮಾರು 15 ಗ್ರಾಂ ಸಿಕ್ಕೀತು. ಉಳಿದ 17 ಗ್ರಾಂ? ಒಂದು ಮೊಟ್ಟೆಯಲ್ಲಿ 6, ಒಂದು ಹಿಡಿ ಹುರುಳಿಯಲ್ಲಿ 6 ಅಥವಾ 7, ಒಂದು ಸಣ್ಣ ಲೋಟ ಹಾಲಿನಲ್ಲಿ 5. ಕೂಡಿಸಿ ನೋಡಿ, ಲೆಕ್ಕ ಹೊಂದುತ್ತದೆ.

ಲೆಕ್ಕದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಪ್ರೋಟೀನ್ ಎನ್ನುವುದು ಅಮೈನೋ ಆಮ್ಲಗಳೆಂಬ ಸಣ್ಣ ತುಣುಕುಗಳ ಸರ. ಅವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವರನ್ನು ನೀವು ನೋಡಿರಬಹುದು. ನಾಲ್ಕು ಮಲ್ಲಿಗೆಗೆ ಒಂದು ಕನಕಾಂಬರ ಸೇರಿಸುವ ಮಾಲೆ ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಕನಕಾಂಬರ ಮುಗಿದರೆ ಬುಟ್ಟಿಯ ತುಂಬ ಮಲ್ಲಿಗೆ ಇದ್ದರೂ ಆ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಅಕ್ಕಿಯಲ್ಲಿ ಹೀಗೆ ಬೇಗ ಮುಗಿದುಹೋಗುವ ಅಮೈನೋ ಆಮ್ಲದ ಹೆಸರು ಲೈಸಿನ್. ಹುರುಳಿ, ಹೆಸರು, ಉದ್ದು, ಅಲಸಂಡೆ ಕಾಳುಗಳಲ್ಲಿ ಲೈಸಿನ್ ಧಾರಾಳ. ಕಾಳುಗಳಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅಕ್ಕಿಯಲ್ಲಿ ಸಾಕಷ್ಟಿದೆ. ಗಂಜಿಗೆ ಹುರುಳಿ ಚಟ್ನಿ, ಅನ್ನಕ್ಕೆ ಹೆಸರುಕಾಳಿನ ಗಸಿ, ಕೊಟ್ಟೆ ಕಡುಬಿನ ಹಿಟ್ಟಿಗೆ ಉದ್ದು: ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಲೈಸಿನ್ ಎಂಬ ಹೆಸರೇ ಕೇಳದವರು ಇಷ್ಟು ಸರಿಯಾಗಿ ಜೊತೆ ಹೊಂದಿಸಿದ್ದಾರೆಂಬುದು ನನಗೆ ಇಂದಿಗೂ ಅಚ್ಚರಿಯೇ.

ಮೀನು ತಿನ್ನುವ ಮನೆಗಳಲ್ಲಿ ಈ ಕೆಲಸವನ್ನು ಬೂತಾಯಿ, ಬಂಗುಡೆ ಮಾಡುತ್ತವೆ. ಮಲ್ಪೆಯಲ್ಲಿ ಬೆಳಿಗ್ಗೆ ಇಳಿಸಿದ ಮೀನು ಉಡುಪಿ, ಮಣಿಪಾಲ ದಾಟಿ ಪರ್ಕಳಕ್ಕೆ ಬರುತ್ತದೆ. ಬೂತಾಯಿ ಅಗ್ಗದ ಮೀನೆಂದು ಕೆಲವರು ಮುಖ ಸಿಂಡರಿಸುವುದುಂಟು. ಹಾಗೆ ಮಾಡಬೇಡಿ. ಅದರಲ್ಲಿ ಒಳ್ಳೆಯ ಪ್ರೋಟೀನ್ ಇದೆ, ಮಿದುಳಿಗೂ ಕಣ್ಣಿಗೂ ಬೇಕಾದ ಒಮೆಗಾ-3 ಕೊಬ್ಬು ಇದೆ, ವಿಟಮಿನ್ ಡಿ ಇದೆ. ಮೆತ್ತಗೆ ಬೆಂದ ಸಣ್ಣ ಮುಳ್ಳುಗಳನ್ನು ಅಗಿದು ತಿಂದರೆ ಕ್ಯಾಲ್ಸಿಯಂ ಕೂಡ. ಮೀನು, ಮೊಟ್ಟೆ ತಿನ್ನದ ಮನೆಯವರು ಹಾಲು, ಮೊಸರು, ಮಜ್ಜಿಗೆಯನ್ನು ಬಿಡಬಾರದು. ಕ್ಯಾಲ್ಸಿಯಂ ಬೇಕಾದರೆ ರಾಗಿ, ಎಳ್ಳಿನಲ್ಲೂ ಸಿಗುತ್ತದೆ. ಆದರೆ ವಿಟಮಿನ್ ಬಿ12 ಸೊಪ್ಪು, ಕಾಳುಗಳಲ್ಲಿ ಇಲ್ಲ, ಹಾಲಿನಲ್ಲಿದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ಸಣ್ಣ ನಾಡದೋಣಿಗಳಿಗೆ ಒಂದಿಷ್ಟು ಮೀನು ಸಿಕ್ಕರೂ ಮಳೆಗಾಲದಲ್ಲಿ, ಅದರಲ್ಲೂ ಆಟಿ ತಿಂಗಳಲ್ಲಿ, ಈ ಊರುಗಳಲ್ಲಿ ಹಿಂದೆ ಊಟಕ್ಕೆ ಬಹಳ ಕಷ್ಟವಿತ್ತು. ಗದ್ದೆಯಲ್ಲಿ ನೀರು, ಹಿತ್ತಲಿನ ತರಕಾರಿ ಕೊಳೆತು ಹೋಗುವ ಕಾಲ. ಆಗ ಕೈಹಿಡಿಯುತ್ತಿದ್ದದ್ದು ಬೇಸಿಗೆಯಲ್ಲೇ ಕೂಡಿಟ್ಟ ಹುರುಳಿ, ಹಲಸಿನ ಬೀಜ, ಉಪ್ಪುಸೊಳೆ, ಒಣಮೀನು. ಜೊತೆಗೆ ಮಳೆಗೇ ಚಿಗುರುವ ಕೆಸು, ತಜಂಕ್ ಸೊಪ್ಪು, ತಿಮರೆ. ಕೆಸುವಿನ ಎಲೆ ಗಂಟಲು ತುರಿಸುವುದು ಯಾಕೆ ಗೊತ್ತೇ? ಅದರೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅದಕ್ಕೇ ಪತ್ರೊಡೆಯನ್ನು ಅಷ್ಟು ಹೊತ್ತು ಬೇಯಿಸುವುದು, ಹಿಟ್ಟಿಗೆ ಹುಣಸೆಹುಳಿ ಸೇರಿಸುವುದು.

ಸೊಪ್ಪಿನ ವಿಷಯ ಬಂತು. ಬಸಳೆ ಚಪ್ಪರ ಇರುವ ಮನೆಯ ಮಕ್ಕಳು ಅದೃಷ್ಟವಂತರು. ಬಸಳೆ, ಹರಿವೆ, ನುಗ್ಗೆಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟಿನ್ ನಮ್ಮ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ಅದು ಕಡಿಮೆಯಾದರೆ ಸಂಜೆಗತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಬೀಟಾ ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಪಲ್ಯದ ಮೇಲಿನ ತೆಂಗಿನತುರಿಗೂ ಒಗ್ಗರಣೆಯ ಎಣ್ಣೆಗೂ ಅಲ್ಲಿ ಕೆಲಸವಿದೆ. ಹಣ್ಣು, ತರಕಾರಿಯ ನಾರು ಹೊಟ್ಟೆಯನ್ನು ಸಲೀಸಾಗಿ ಇಡುತ್ತದೆ. ಕಾಪು ತಾಲೂಕಿನ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಕೊದ್ದೆಲನ್ನು ಬದನೆ ಎಂಬ ಕಾರಣಕ್ಕೆ ತಟ್ಟೆಯ ಅಂಚಿಗೆ ಸರಿಸುವ ಮಕ್ಕಳೇ, ಒಂದು ತುಂಡನ್ನಾದರೂ ತಿಂದು ಆಮೇಲೆ ತೀರ್ಮಾನಿಸಿ.

ಕಬ್ಬಿಣದ ಅಂಶವನ್ನು ಮಾತ್ರ ಹೀಗೆ ಬೇಗ ಹೇಳಿ ಮುಗಿಸಲಾರೆ. ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್‌ನಿಂದ, ಹಿಮೋಗ್ಲೋಬಿನ್ ಮಾಡಲು ಕಬ್ಬಿಣ ಬೇಕು. ಉಸಿರಿನ ಆಮ್ಲಜನಕವನ್ನು ಮೈಯ ಮೂಲೆ ಮೂಲೆಗೆ ಒಯ್ಯುವುದು ಅದೇ. ಕಡಿಮೆಯಾದರೆ ಮೆಟ್ಟಿಲು ಹತ್ತುವಾಗ ಏದುಸಿರು, ತರಗತಿಯಲ್ಲಿ ತೂಕಡಿಕೆ, ಪಾಠ ತಲೆಗೆ ಹತ್ತದಿರುವುದು. ಎಷ್ಟೋ ಮಕ್ಕಳನ್ನು ಸೋಮಾರಿಗಳೆಂದು ಬೈಯುತ್ತಾರೆ. ಅವರಿಗೆ ಬೇಕಾಗಿರುವುದು ಬೈಗುಳವಲ್ಲ, ಒಂದು ರಕ್ತಪರೀಕ್ಷೆ. ಹುಡುಗಿಯರು ದೊಡ್ಡವರಾಗುತ್ತಿದ್ದಂತೆ ಅವರಿಗೆ ಕಬ್ಬಿಣ ಇನ್ನೂ ಹೆಚ್ಚು ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಮಾತ್ರೆ, ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ, ಇದಕ್ಕಾಗಿಯೇ. ಸೊಪ್ಪು, ಹುರುಳಿಯಲ್ಲಿ ಕಬ್ಬಿಣ ಇದ್ದರೂ ಅದು ಕರುಳಿನಿಂದ ರಕ್ತಕ್ಕೆ ಸುಲಭವಾಗಿ ಸೇರುವುದಿಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಹೆಚ್ಚು ಸೇರುತ್ತದೆ. ಹುರುಳಿ ಸಾರಿಗೆ ಇಳಿಸಿದ ಮೇಲೆ ಲಿಂಬೆರಸ ಹಿಂಡಿ, ಊಟದ ಜೊತೆ ಒಂದು ತುಂಡು ಪೇರಳೆ ತಿನ್ನಿ. ಊಟ ಆದ ಕೂಡಲೇ ಚಹಾ ಕುಡಿದರೆ ಅದರ ಒಗರು ಪದಾರ್ಥ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡವರಿಗೂ ಇದನ್ನು ಹೇಳಿ.

ಶಾಲೆಯ ಬಿಸಿಯೂಟವನ್ನು ನಾನು ಬಹಳ ಮೆಚ್ಚುತ್ತೇನೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಗಿ 150 ಮಿಲಿ ಹಾಲು ಸೇರಿತು, ಈಚೆಗೆ ಮೊಟ್ಟೆಯೂ ಬಂದಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2025ರಲ್ಲಿ ನಿಲ್ಲಿಸುವವರೆಗೆ ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರು. ಇವೆರಡೂ ಸಮ ಎಂದುಕೊಳ್ಳಬೇಡಿ. ಬಾಳೆಹಣ್ಣು ಒಳ್ಳೆಯದೇ, ಆದರೆ ಅದರಲ್ಲಿ ಪ್ರೋಟೀನ್ ಒಂದು ಗ್ರಾಂ ಆಸುಪಾಸು ಮಾತ್ರ. ಶೇಂಗಾದಲ್ಲಿ ಅದು ಹೇರಳ. ನನ್ನನ್ನು ಕೇಳಿದರೆ ಬಾಳೆಹಣ್ಣು ತಿನ್ನುವವರು ಮನೆಯಲ್ಲಿ ಒಂದಿಷ್ಟು ಶೇಂಗಾವನ್ನೂ ತಿನ್ನಿ ಎನ್ನುತ್ತೇನೆ, ತಿಂದು ಬಾಯಿ ಮುಕ್ಕಳಿಸಿ.

ಅಂಗಡಿಯಲ್ಲಿ ನೇತಾಡುವ ಬಣ್ಣದ ಪೊಟ್ಟಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳ್ಳುವ ಮೊದಲು ಹಿಂಬದಿ ಓದಿ. ಯಾವುದು ಹೆಚ್ಚು ಬಳಕೆಯಾಗಿದೆಯೋ ಅದರ ಹೆಸರೇ ಮೊದಲು ಬರಬೇಕೆಂಬುದು ನಿಯಮ. ಮೊದಲ ಮೂರು ಹೆಸರುಗಳಲ್ಲಿ ಸಕ್ಕರೆ, ಎಣ್ಣೆ, ಮೈದಾ ಇದ್ದರೆ ನಿಮಗೆ ಅರ್ಥವಾಗುತ್ತದೆ. ದೊಡ್ಡವರಿಗೂ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಒಂದು ಚಹಾ ಚಮಚ, ಅದೂ ಇಡೀ ದಿನದ ಎಲ್ಲ ಅಡುಗೆಗೆ ಸೇರಿ. ಹಪ್ಪಳ, ಒಣಮೀನು, ಉಪ್ಪಿನಕಾಯಿ ನಮ್ಮವೇ ಆದರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರವು.

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿದೆ. ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾದವರ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ಸೊಪ್ಪುತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಕಾಳು ಅಥವಾ ಮೊಟ್ಟೆ, ಮೀನು 85 ಗ್ರಾಂ, ಹಾಲು 300 ಮಿಲಿ. ಮತ್ತೊಮ್ಮೆ ಓದಿ: ಧಾನ್ಯಕ್ಕಿಂತ ತರಕಾರಿ ಹೆಚ್ಚು. ಕರಾವಳಿಯ ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡದಷ್ಟು, ಪಲ್ಯ ಚಮಚದಷ್ಟು. ಬದಲಾಗಬೇಕಾದದ್ದು ಮುಖ್ಯವಾಗಿ ಇದು.

ಪಲ್ಯಕ್ಕೆ ಏನೂ ಸಿಗದ ಮಳೆಯ ದಿನಗಳಿಗೆ ನೀವೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಒಣ ಹೆಸರುಕಾಳಿನಲ್ಲಿ ವಿಟಮಿನ್ ಸಿ ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆ ಬರುವಾಗ ಕಾಳು ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಪಾತ್ರೆಯಲ್ಲಿಡಿ. ಹೊತ್ತಿಗೊಮ್ಮೆ ಶುದ್ಧ ನೀರು ಚಿಮುಕಿಸಿ. ಅರ್ಧ ಇಂಚು ಮೊಳಕೆ ಬಂದ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು, ಐದು ನಿಮಿಷ ಹಬೆಯಲ್ಲಿ ಬೇಯಿಸಿ. ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆ ರೋಗಾಣುಗಳೂ ಬೆಳೆಯಬಹುದಾದ್ದರಿಂದ ಹಸಿಯಾಗಿ ತಿನ್ನುವುದು ಬೇಡ. ಹಬೆಗೆ ಒಂದಿಷ್ಟು ವಿಟಮಿನ್ ಸಿ ಹೋಗುತ್ತದೆ, ಆದರೂ ಒಣ ಕಾಳಿಗಿಂತ ಹೆಚ್ಚೇ ಉಳಿಯುತ್ತದೆ. ಹೋದದ್ದನ್ನು ತುಂಬಲು ತೆಂಗಿನತುರಿಯ ಜೊತೆಗೆ ಲಿಂಬೆರಸ ಹಿಂಡಿಕೊಂಡು ಗಂಜಿಗೆ ನೆಂಜಿಕೊಳ್ಳಿ.